ಗೆಳೆಯನಿಗೊಂದು ಪತ್ರ: ನೆಮ್ಮದಿ ಕೇಳುವ ಮೊದಲು ಕಂತಿನ ವಾರ ಕೇಳು

ಪ್ರೀತಿಯ ಗೆಳೆಯಾ,

ಸಿಂಧನೂರು, ಮಾನ್ವಿ ಕಡೆಯ ಹಳ್ಳಿಗಳಲ್ಲಿ ಜನರ ನೆಮ್ಮದಿಯ ಸರ್ವೆಗೆ ನೀನು ಮಾಡಿದ ಪ್ರಶ್ನೆಪಟ್ಟಿ ನೋಡಿದೆ. ಮೊದಲನೇ ಪ್ರಶ್ನೆ ತೆಗೆದುಬಿಡು. ‘ಆರಾಮ ಅದೀರೇನ್ರಿ?’ ಅಂತ ಕೇಳಿದರೆ ಬೆಳೆ ಒಣಗಿ ಕೂತವನೂ ‘ಆರಾಮ್ರಿ, ಬರ್ರಿ, ಚಾ ಕುಡೀರಿ’ ಅಂತಾನೆ.

ಬದಲಿಗೆ ಹಾಳೆಯ ಮೇಲೆ ಏಣಿ ಬರೆದು ಮುಂದಿಡು. ನೆಲ ಸೊನ್ನೆ, ತುದಿ ಹತ್ತು. ‘ಮ್ಯಾಲಿನ ಮೆಟ್ಲು ನಿಮಗ ಬೇಕನಿಸಿದಂಥ ಬಾಳೇವು, ತೆಳಗಿಂದು ಯಾರಿಗೂ ಬ್ಯಾಡಾದ್ದು. ಈಗ ಎಲ್ಲಿ ನಿಂತೀರಿ? ಬೊಟ್ಟು ಇಡ್ರಿ.’ ವಿಶ್ವ ಸಂತೋಷ ವರದಿಯಲ್ಲಿ 2018ರಿಂದ ಫಿನ್‌ಲೆಂಡ್ ಮೊದಲು ಬರುತ್ತಿರುವುದು ಇದೇ ಏಣಿಯ ಲೆಕ್ಕದ ಮೇಲೆ. ಇದನ್ನು ಸಾಲದ ಪ್ರಶ್ನೆಗಿಂತ ಮೊದಲೇ ಕೇಳು. ಸಾಲ ನೆನಪಿಸಿದ ಮೇಲೆ ಬೊಟ್ಟು ತಾನಾಗಿಯೇ ಕೆಳಗಿಳಿಯುತ್ತದೆ. ಹೆಣ್ಣುಮಕ್ಕಳನ್ನು ಹೆಣ್ಣುಮಗಳೇ ಕೇಳಲಿ, ಅದೂ ಅತ್ತೆ ಪಡಸಾಲೆಯಲ್ಲಿ ಇಲ್ಲದಾಗ.

ಇನ್ನು ‘ವರ್ಷದ ಆದಾಯ’ ಅನ್ನುವ ಒಂದೇ ಕಾಲಂ. ಅದರಿಂದ ನಿನಗೆ ಏನೂ ತಿಳಿಯುವುದಿಲ್ಲ. ನನ್ನ ಪ್ರಕಾರ ನಮ್ಮ ಭಾಗದಲ್ಲಿ ದುಡ್ಡು ಎಷ್ಟು ಬಂತು ಅನ್ನುವುದಕ್ಕಿಂತ ಯಾವಾಗ ಬಂತು ಅನ್ನುವುದೇ ನಿದ್ದೆ ಕೆಡಿಸುವುದು. ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಸಾಕ್ಷಿ: ಅದೇ ರೈತ, ಕಟಾವಿಗೆ ಮೊದಲು ಕೈ ಬರಿದಾಗಿದ್ದಾಗ ಬುದ್ಧಿಯ ಪರೀಕ್ಷೆಯಲ್ಲಿ ಹಿಂದೆ ಬಿದ್ದ, ಕಟಾವಾಗಿ ಹಣ ಬಂದ ಮೇಲೆ ಸುಧಾರಿಸಿದ. ಹಾಗಾಗಿ ಒಂದೇ ಸುತ್ತಿನ ಸರ್ವೆ ಬೇಡ. ಗೊಬ್ಬರ, ಔಷಧಿ ಎಲ್ಲ ಉದ್ರಿಯಲ್ಲಿರುವ ಆಗಸ್ಟ್‌ನಲ್ಲೊಮ್ಮೆ, ಹತ್ತಿ, ಭತ್ತ ಮಾರಿ ಕೈಗೆ ರೊಕ್ಕ ಬಂದ ಜನವರಿಯಲ್ಲೊಮ್ಮೆ ಅದೇ ಮನೆಗಳಿಗೆ ಹೋಗು. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲಿನ ಊರುಗಳನ್ನೂ ನೀರಿಗೆ ಕಾಯುವ ಕೊನೆ ಭಾಗದ ಊರುಗಳನ್ನೂ ಒಂದೇ ಸರಾಸರಿಯಲ್ಲಿ ಕಲಸಬೇಡ.

ಕಿರುಸಾಲದ ಸಂಘಕ್ಕೆ ಕಟ್ಟುವ ಕಂತಿನ ಲೆಕ್ಕದಲ್ಲಿ ಹುಷಾರು. ವಾರಕ್ಕೆ ₹1,200 ಅಂದರೆ ಎಲ್ಲರೂ ನಾಲ್ಕರಿಂದ ಗುಣಿಸಿ ₹4,800 ಬರೆಯುತ್ತಾರೆ. ವರ್ಷಕ್ಕೆ 52 ವಾರ; 52ರಿಂದ ಗುಣಿಸಿ 12ರಿಂದ ಭಾಗಿಸಿದರೆ ತಿಂಗಳಿಗೆ ₹5,200. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಕಿರುಸಾಲ ಕೊಡುವಾಗ ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ವರ್ಷಕ್ಕೆ ₹1,80,000 ದುಡಿಯುವ ಮನೆ ಅಂದುಕೋ. ಸರಾಸರಿ ₹15,000, ಕಂತು ಅದರ ಶೇ 35. ಕಾಗದದ ಮೇಲೆ ಎಲ್ಲ ಸರಿ. ಆದರೆ ಬರೀ ಕೂಲಿಯ ₹6,000 ಬರುವ ತಿಂಗಳಲ್ಲಿ ಅದೇ ಕಂತು ಶೇ 87! ಆಗ ಕಂತು ಕಟ್ಟಲು ಇನ್ನೊಂದು ಸಂಘದ ಸಾಲ ಎತ್ತುತ್ತಾರೆ. ಅದಕ್ಕೇ ಹನ್ನೆರಡು ತಿಂಗಳಿಗೆ ಫಾರ್ಮಿನಲ್ಲಿ ಹನ್ನೆರಡು ಚೌಕ ಹಾಕಿ ಬಂದದ್ದು, ಕಟ್ಟಿದ್ದು ಬೇರೆ ಬೇರೆ ಬರೆ. ಗೃಹಲಕ್ಷ್ಮಿಯ ₹2,000 ಕೂಡ ಯಾವ ತಿಂಗಳು ಜಮೆಯಾಯಿತೋ ಅದೇ ಚೌಕದಲ್ಲಿ ಬರೆ.

ಬೀಗ ಹಾಕಿದ ಮನೆ ಸಿಕ್ಕರೆ ಪಕ್ಕದ ಮನೆ ಹಿಡಿಯಬೇಡ. ಗುಳೆ ಹೋದವರನ್ನು ಬಿಟ್ಟರೆ ಉಳಿದ ಊರು ಇದ್ದದ್ದಕ್ಕಿಂತ ಸುಖಿಯಾಗಿ ಕಾಣುತ್ತದೆ. ಯುಗಾದಿಗೋ ಊರ ಜಾತ್ರೆಗೋ ಬರುತ್ತಾರೆ, ಆಗ ಹಿಡಿ.

ಪಕ್ಕದವನ ಆರ್‌ಸಿಸಿ ಮನೆ ನೋಡಿ ಆಗುವ ಸಂಕಟ ಹೊಸದಲ್ಲ. ದೇಶದ ಆದಾಯ ಏರಿದರೂ ಸಂತೋಷ ಅದರ ಜೊತೆ ಏರುವುದಿಲ್ಲ ಅಂತ ಅಮೆರಿಕದ ಅರ್ಥಶಾಸ್ತ್ರಜ್ಞ ಈಸ್ಟರ್ಲಿನ್ 1974ರಲ್ಲೇ ವಾದಿಸಿ, ಹೋಲಿಕೆಯ ಕಡೆ ಬೊಟ್ಟು ಮಾಡಿದ್ದ. ಅರ್ಥಶಾಸ್ತ್ರಜ್ಞರು ಇನ್ನೂ ಅದರ ಮೇಲೆ ಜಗಳಾಡುತ್ತಿದ್ದಾರೆ, ನೀನು ನಡುವೆ ಹೋಗಬೇಡ. ‘ನಿಮ್ಮ ಓಣಿಯೊಳಗ ನಿಮ್ಮನಿ ಎಷ್ಟನೇದು?’ ಅಂತ ಒಂದು ಪ್ರಶ್ನೆ ಸಾಕು.

ನಿನ್ನ ಪಟ್ಟಿಯಲ್ಲಿ ಪೂರ್ತಿ ಬಿಟ್ಟುಹೋದದ್ದು ಇದು: ‘ರಾತ್ರಿ ದವಾಖಾನಿಗೆ ಹೋಗೂ ಪ್ರಸಂಗ ಬಂದ್ರ ಯಾರ ಬಾಗಲಾ ಬಡೀತೀರಿ?’ ವಿಶ್ವ ಸಂತೋಷ ವರದಿಯವರು ಕೂಡ ಕಷ್ಟಕ್ಕೆ ಆಗುವವರು ಇದ್ದಾರೋ ಇಲ್ಲವೋ ಅಂತ ಪ್ರತ್ಯೇಕವಾಗಿ ನೋಡುತ್ತಾರೆ. ಹೆಸರು ಬೇಡ, ಅಣ್ತಮ್ಮನೋ, ಓಣಿಯವರೋ, ಸಾಲ ಕೊಟ್ಟವನೋ ಅಷ್ಟು ಬರೆದುಕೋ. ಮೂರನೆಯ ಉತ್ತರ ಬಂದ ಮನೆಯ ಏಣಿಯ ಅಂಕಿ ಇನ್ನೊಮ್ಮೆ ನೋಡು.

ಯಾರಾದರೂ ಸೊನ್ನೆಯ ಮೇಲೆ ಬೊಟ್ಟಿಟ್ಟು ಸುಮ್ಮನಾದರೆ ಫಾರ್ಮ್ ಮುಚ್ಚಿಡು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ: 14416, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ನಂಬರ್ ಚೀಟಿಯಲ್ಲಿ ಬರೆದುಕೊಟ್ಟು ಬರುವುದಷ್ಟೇ ಅಲ್ಲ, ಅವರು ಒಪ್ಪಿದರೆ ಅಲ್ಲೇ ಕೂತು ಫೋನ್ ಹಚ್ಚಿಕೊಡು.

ತಿದ್ದಿದ ಪಟ್ಟಿ ಕಳಿಸು. ಮೊದಲು ಹತ್ತು ಮನೆಯಲ್ಲಿ ಪರೀಕ್ಷೆ ಮಾಡಿ ಆಮೇಲೆ ಪ್ರಿಂಟ್ ಹಾಕಿಸು.

ಇಂತಿ ನಿನ್ನ ಗೆಳೆಯ,
ರಾಯಚೂರು