ರಕ್ಷಣಾ ಬೋಟು: ಸ್ಟಾರ್ಟ್ ಆದರಷ್ಟೇ ಸಾಲದು

ಮಾನ್ಯ ಸಂಪಾದಕರೇ,

ಮುಂಗಾರಿಗೆ ಮುಂಚೆ ರಕ್ಷಣಾ ಬೋಟುಗಳನ್ನು ಶೆಡ್ಡಿನಿಂದ ಹೊರಗೆಳೆದು, ಹಿಂಬದಿಗೆ ತೂಗುಹಾಕುವ ಔಟ್‌ಬೋರ್ಡ್ ಮೋಟಾರನ್ನು ಒಮ್ಮೆ ಸ್ಟಾರ್ಟ್ ಮಾಡಿ ‘ಸುಸ್ಥಿತಿಯಲ್ಲಿದೆ’ ಎಂದು ಬರೆದಿಟ್ಟರೆ ಸಾಲದು. ಸೆಲ್ಫ್ ಸ್ಟಾರ್ಟ್ ಇರುವ ಹಲವು ಕಾರ್ಬೊರೇಟರ್ ಮೋಟಾರುಗಳಲ್ಲಿ ಕಿಡಿಗೆ ಕರೆಂಟು ಬೇರೆ ಕಾಯಿಲಿನಿಂದ ಬರುತ್ತದೆ. ಬ್ಯಾಟರಿ ಚಾರ್ಜ್ ಆಗದಿದ್ದರೂ ಎಂಜಿನ್ ಚೆನ್ನಾಗಿಯೇ ಓಡುತ್ತದೆ. ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡುವಾಗ ಕೈಕೊಡುತ್ತದೆ. 2019ರ ಆಗಸ್ಟಿನಲ್ಲಿ ಕೊಡಗಿನ ಕರಡಿಗೋಡು, ನೆಲ್ಯಹುದಿಕೇರಿಯ ಮನೆಗಳಿಗೆ ಕಾವೇರಿ ನುಗ್ಗಿದ್ದನ್ನು ಕಂಡವರಿಗೆ ಅದರ ಅಪಾಯ ಬಿಡಿಸಿ ಹೇಳಬೇಕಿಲ್ಲ.

ಪರೀಕ್ಷೆಗೆ ಸಾಧಾರಣ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ಸುಮ್ಮನೆ ಬಿಟ್ಟ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. 12.2 ಎಂದರೆ ಅರ್ಧ ಖಾಲಿ. ಮೊದಲು ಚಾರ್ಜರಿಗೆ ಹಾಕಿ. ಆಮೇಲೆ ಮೋಟಾರಿನ ಕಾಲನ್ನು (ಪ್ರೊಪೆಲ್ಲರ್ ಇರುವ ಕೆಳಭಾಗ) ನೀರಿನ ಡ್ರಮ್ಮಿಗೆ ಇಳಿಸಿ, ನ್ಯೂಟ್ರಲ್‌ನಲ್ಲಿ ಓಡಿಸಿ. ನೀರಿಲ್ಲದೆ ಓಡಿಸಿದರೆ ವಾಟರ್ ಪಂಪಿನ ನೀರು ತಳ್ಳುವ ರಬ್ಬರ್ ಚಕ್ರ (ಇಂಪೆಲ್ಲರ್) ಸುಟ್ಟುಹೋಗುತ್ತದೆ. ವೇಗ ತುಸು ಏರಿಸಿದಾಗ ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ಬಂದರೆ ಚಾರ್ಜಿಂಗ್ ಸರಿಯಿದೆ. 15 ದಾಟಿದರೆ ವೋಲ್ಟೇಜ್ ಮಿತಿಯಲ್ಲಿಡುವ ರೆಗ್ಯುಲೇಟರ್ ನೋಡಬೇಕು.

ವೋಲ್ಟೇಜ್ ಏರಲೇ ಇಲ್ಲವೆಂದು ತಕ್ಷಣ ಸ್ಟೇಟರಿಗೆ (ಎಂಜಿನ್ನಿನಲ್ಲಿ ಕರೆಂಟು ಹುಟ್ಟಿಸುವ ಕಾಯಿಲ್) ಆರ್ಡರ್ ಕೊಡುವುದು ದುಡ್ಡು ದಂಡ. ನಮ್ಮ ಮಳೆಯ ತೇವಕ್ಕೆ ಮೊದಲು ಕೆಡುವುದು ಕನೆಕ್ಷನ್. ಹೊರಗೆ ಹೊಳೆಯುವ ಬ್ಯಾಟರಿ ಲಗ್ಗನ್ನು (ವೈರಿನ ತುದಿಯ ಲೋಹದ ಹಿಡಿ) ಬಿಚ್ಚಿ ನೋಡಿ, ಒಳಗೆ ಹಸಿರು ಕಿಲುಬು ಕೂತಿರುತ್ತದೆ. ಫ್ಯೂಸ್, ಎಂಜಿನ್ ಬ್ಲಾಕಿನ ಅರ್ತ್ ವೈರುಗಳನ್ನೂ ನೋಡಿ. ಎಂಜಿನ್ ಓಡುವಾಗ, ಸ್ಟೇಟರಿನ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿಗೆ ತಿರುಗಿಸುವ ರೆಕ್ಟಿಫೈಯರಿನ ಔಟ್‌ಪುಟ್ ವೈರಿಗೂ ಬ್ಯಾಟರಿಯ ಪ್ಲಸ್ಸಿಗೂ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ದೋಷ ಆ ಹಾದಿಯಲ್ಲೇ ಇದೆ.

ಇವೆಲ್ಲ ಸರಿಯಿದ್ದರೆ ಮಾತ್ರ ಎಂಜಿನ್ ನಿಲ್ಲಿಸಿ ಸ್ಟೇಟರಿನ ವೈರು ಕಳಚಿ ಓಮ್ ಅಳೆಯಿರಿ. ಒಂದು ಓಮ್‌ಗಿಂತ ಕಡಿಮೆ ಬರುವುದೂ ಉಂಟು, ಆದ್ದರಿಂದ ಮೀಟರಿನ ಎರಡು ಲೀಡುಗಳನ್ನು ಒಂದಕ್ಕೊಂದು ಮುಟ್ಟಿಸಿದಾಗ ಬರುವ ಅಂಕಿಯನ್ನು ಕಳೆದು, ಆ ಮಾದರಿಯ ಸರ್ವಿಸ್ ಪುಸ್ತಕದ ಅಂಕಿಗೆ ಹೋಲಿಸಬೇಕು. ಸಾಮಾನ್ಯವಾಗಿ ಈ ವೈರುಗಳಿಗೂ ಬ್ಲಾಕಿಗೂ ಸಂಪರ್ಕ ಇರಬಾರದು. ಇದ್ದರೆ ಕಾಯಿಲ್ ಶಾರ್ಟ್ ಆಗಿದೆ. ರೆಗ್ಯುಲೇಟರ್ ಸೇರಿರದ ಬರಿಯ ರೆಕ್ಟಿಫೈಯರ್ ಆದರೆ, ಮೀಟರಿನ ಡಯೋಡ್ ಮೋಡಿನಲ್ಲಿ ಒಂದು ದಿಕ್ಕಿಗೆ ಮಾತ್ರ ಕರೆಂಟು ಬಿಡಬೇಕು. ಎರಡೂ ಕಡೆ ಬಿಟ್ಟರೆ ಬದಲಿಸಿ.

ರೆಕ್ಟಿಫೈಯರ್ ತಾನಾಗಿ ಸುಡುವುದಕ್ಕಿಂತ ನಾವು ಸುಡುವುದೇ ಹೆಚ್ಚು. ಚಾರ್ಜ್ ಆಗುತ್ತಿದೆಯೇ ನೋಡೋಣವೆಂದು ಎಂಜಿನ್ ಓಡುವಾಗಲೇ ಬ್ಯಾಟರಿ ವೈರು ಎತ್ತುವ ಹಳೇ ಅಭ್ಯಾಸ ದಯವಿಟ್ಟು ಬಿಡಿ. ಪ್ಲಸ್ಸು ಮೈನಸ್ಸು ಒಂದು ಕ್ಷಣ ಅದಲುಬದಲಾದರೂ ರೆಕ್ಟಿಫೈಯರಿನ ಡಯೋಡ್ ಸುಟ್ಟುಹೋಗುತ್ತದೆ.

ಈ ಸಲದ ಮಳೆಗಾಲದ ತಯಾರಿ ಪಟ್ಟಿಯಲ್ಲಿ ಪ್ರತಿ ಬೋಟಿನ ಎದುರಿಗೆ ಎಂಜಿನ್ ನಿಂತಾಗಿನ ಮತ್ತು ಓಡುವಾಗಿನ ವೋಲ್ಟೇಜ್ ಎರಡನ್ನೂ ಬರೆಸಬೇಕೆಂದು ಜಿಲ್ಲಾಡಳಿತವನ್ನು ಕೋರುತ್ತೇನೆ. ಕೈಯಲ್ಲಿ ಎಳೆದು ಸ್ಟಾರ್ಟ್ ಮಾಡುವ ಹಗ್ಗವೂ ಬೋಟಿನಲ್ಲೇ ಇರಲಿ.

– ಬೋಟ್ ಮೆಕ್ಯಾನಿಕ್, ಕುಶಾಲನಗರ