ಬರ್ಕ್ಲಿಯಲ್ಲೊಂದು ಅಜ್ಜಿಕತೆಯ ವಠಾರ

ಮಾನ್ಯರೇ,

ಮಗಳ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಬಂದಿರುವ ನಾನು ಸಂಜೆ ವಾಕಿಂಗ್‌ಗೆ ಬರ್ಕ್ಲಿ ವಿಶ್ವವಿದ್ಯಾಲಯದ ಸಮೀಪದ ಸ್ಪ್ರೂಸ್ ರಸ್ತೆಗೆ ಹೋಗುತ್ತೇನೆ. ಅಲ್ಲಿನ ನಾರ್ಮಂಡಿ ವಿಲೇಜ್ ಅಪಾರ್ಟ್‌ಮೆಂಟಿನ ಮುಂದೆ ಕಾಲು ತಾನಾಗಿ ನಿಲ್ಲುತ್ತದೆ. ಕಡಿದಾದ ಚಾವಣಿ, ಪುಟ್ಟ ಗೋಪುರ, ಹೊರಗಿನಿಂದಲೇ ಹತ್ತುವ ಮೆಟ್ಟಿಲು, ಒರಟು ಇಟ್ಟಿಗೆ... ಮಾಟಗಾತಿಯೇ ಬಂದು ಬಾಗಿಲು ತೆರೆದರೂ ಆಶ್ಚರ್ಯವಿಲ್ಲ! ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸ್‌ನಲ್ಲಿದ್ದ ವಾಸ್ತುಶಿಲ್ಪಿ ಡಬ್ಲ್ಯು. ಆರ್. ಯೆಲ್ಯಾಂಡ್, ಅಲ್ಲಿನ ಹಳ್ಳಿಮನೆಗಳ ಗುಂಗಿನಲ್ಲೇ 1920ರ ದಶಕದಲ್ಲಿ ಇದನ್ನು ವಿನ್ಯಾಸಗೊಳಿಸಿದರು. ಹುಟ್ಟುವಾಗಲೇ ಮುದುಕನ ವೇಷ ತೊಡಿಸಿದ ಕಟ್ಟಡ. ಈಗ ವಯಸ್ಸೂ ವೇಷಕ್ಕೆ ಹೊಂದಿಕೊಂಡಿದೆ. ಮ್ಯೂಸಿಯಂ ಅಲ್ಲ, ಬಾಡಿಗೆ ಮನೆಗಳು. ನಿನ್ನೆ ಆ ಗೋಪುರದ ಪಕ್ಕದ ಕಿಟಕಿಯಲ್ಲಿ ಯಾರದೋ ಟವೆಲ್ ಒಣಗುತ್ತಿತ್ತು.

– ಓದುಗ, ಮೈಸೂರು (ಸದ್ಯ ಬರ್ಕ್ಲಿ)