ಒಂದು ಜೊತೆ ಗ್ಲೌಸು, ಇಬ್ಬರು ಕೀಪರುಗಳು

ಲೋ ಗೆಳೆಯಾ,

ನಿನ್ನ ಮೆಸೇಜ್ ನೋಡಿ ಇಬ್ಬರೂ ನಕ್ಕೆವು. "ನೀನು, ಆ ತೆಂಗಿನಮರಾನಾ? ಯಾವಾಗಿಂದ?" ಇಷ್ಟೇ. ಹೌದು ಕಣೋ, ನಮ್ಮ ಫುಟ್‌ಬಾಲ್ ಟೀಮಿನ ಆ ಉದ್ದನೆಯ ಗೋಲ್‌ಕೀಪರೇ, ಈಗ ನನ್ನ ಜೊತೆಗಿದ್ದಾಳೆ. ಹದಿನೈದು ವರ್ಷದ ಕಥೇನ ವಾಟ್ಸಾಪಲ್ಲಿ ಟೈಪ್ ಮಾಡಿದರೆ ಹೆಬ್ಬೆರಳು ಊದಿಕೊಳ್ಳುತ್ತೆ, ಅದಕ್ಕೇ ಪತ್ರ. ಅವಳು ಪಕ್ಕದಲ್ಲೇ ಕೂತು ಇಣುಕುತ್ತಿದ್ದಾಳೆ, ಆಗಾಗ "ಸುಳ್ಳು" ಅನ್ನುತ್ತಿದ್ದಾಳೆ. ನೀನು ನಂಬಬೇಡ.

ನಮ್ಮ ಜಗಳಕ್ಕೆ ನೀನೇ ಸಾಕ್ಷಿ. ಆಸ್ಟಿನ್ ಟೌನ್ ಮೈದಾನದಲ್ಲಿ ಬೆಳಗ್ಗೆ ಆರಕ್ಕೇ ನಮ್ಮಿಬ್ಬರ ಕಡೆಗೂ ಚೆಂಡು ಒದೆಯುತ್ತಿದ್ದವನು ನೀನು. ಫಾರ್ವರ್ಡ್ ಆಡುವವರಿಗೆ ಪೈಪೋಟಿ ಇದ್ದರೂ ಏನೋ ಒಂದು ದಾರಿ ಇರುತ್ತೆ. ಆ ಜಾಗ ಸಿಗದಿದ್ದರೆ ವಿಂಗಲ್ಲಿ ಆಡಬಹುದು, ಕೊನೆಯ ಇಪ್ಪತ್ತು ನಿಮಿಷಕ್ಕಾದರೂ ಇಳಿಸುತ್ತಾರೆ. ಕೀಪರ್‌ಗೆ ಅದೆಲ್ಲಾ ಇಲ್ಲ. ಇರುವುದು ಒಂದೇ ಜಾಗ. ಒಬ್ಬಳು ಆಡಿದರೆ ಇನ್ನೊಬ್ಬಳು ಬೆಂಚು. ಅವಳ ಬೆರಳು ಉಳುಕಲಿ ಅಂತ ಗೌತಮಪುರದ ಪೆಲೆ ಪ್ರತಿಮೆ ದಾಟುವಾಗಲೆಲ್ಲ ಬೇಡಿಕೊಂಡಿದ್ದೇನೆ. ಅಲ್ಲೇ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಕೂಡ ಇದ್ದರಲ್ಲ, ಅವರನ್ನು ಇಂಥದ್ದು ಕೇಳೋಕೆ ನಾಚಿಕೆಯಾಗುತ್ತಿತ್ತು.

ಕೋಚ್ ಸರ್ ಹತ್ತಿರ ಒಳ್ಳೆಯ ಗ್ಲೌಸು ಇದ್ದದ್ದು ಒಂದೇ ಜೊತೆ, ನೆನಪಿದೆಯಾ? ಅವಳಿಗೆ ಬಿಗಿ, ನನಗೆ ಸಡಿಲ. ಮ್ಯಾಚಿನ ಹಿಂದಿನ ಸಂಜೆ ಅದನ್ನು ಯಾರ ಕಡೆ ಎಸೆಯುತ್ತಾರೋ ಅವಳು ಆಡುತ್ತಾಳೆ. ಬಾಯಲ್ಲಿ ಹೇಳುತ್ತಲೇ ಇರಲಿಲ್ಲ. ಪ್ರಾಕ್ಟೀಸಿನಲ್ಲಿ ಮಾತ್ರ ಹತ್ತು ಹತ್ತು ನಿಮಿಷ ಸರದಿ. ಆ ಗ್ಲೌಸಿನ ಅಂಗೈ ಒಣಗಿದರೆ ಚೆಂಡು ಜಾರುತ್ತೆ, ಸ್ವಲ್ಪ ಒದ್ದೆಯಿದ್ದರೆ ಹಿಡಿತ ಸಿಗುತ್ತೆ. ನೀರಿನ ಬಾಟಲಿ ದೂರ ಇದ್ದರೆ ಉಗುಳೇ ಗತಿ. ಅವಳು ಉಗುಳಿ, ಉಜ್ಜಿ, ಆಡಿ, ಬಿಚ್ಚಿ ಕೊಟ್ಟ ಗ್ಲೌಸಿಗೆ ನಾನು ಕೈ ತೂರಿಸಬೇಕು. ಒಳಗೆಲ್ಲ ಅವಳ ಬೆವರು, ಇನ್ನೂ ಬಿಸಿ. ಥೂ ಅಂತ ಅವಳ ಎದುರಿಗೇ ಅದರ ಒಳಗನ್ನು ಹೊರಗೆ ಮಾಡಿ ಜೆರ್ಸಿಗೆ ಒರೆಸುತ್ತಿದ್ದೆ. ಅವಳೂ ಅಷ್ಟೇ, ಎರಡು ಬೆರಳಲ್ಲಿ ಇಲಿ ಹಿಡಿದ ಹಾಗೆ ಹಿಡಿಯುತ್ತಿದ್ದಳು.

ಒರೆಸುವುದನ್ನು ಯಾವತ್ತು ಬಿಟ್ಟೆನೋ ನನಗೆ ಗೊತ್ತಿಲ್ಲ. ನಿನ್ನ "ಯಾವಾಗಿಂದ"ಕ್ಕೆ ಉತ್ತರ ಆ ದಿನವೇ ಇರಬೇಕು.

ಇನ್ನೊಂದು ವಿಷಯ ನಿನಗೂ ಗೊತ್ತಿಲ್ಲ. ನಾವು ಪೆನಾಲ್ಟಿಯಲ್ಲಿ ಸೋತ ಮ್ಯಾಚ್ ಇದೆಯಲ್ಲ, ಅವತ್ತು ಗ್ಲೌಸು ನನ್ನದು. ಆಡುವ ಕೀಪರ್‌ಗೆ ವಾರ್ಮ್ ಅಪ್ ಮಾಡಿಸುವುದು ಬೆಂಚಿನ ಕೀಪರ್ ಕೆಲಸ. ಅವಳು ಹತ್ತು ನಿಮಿಷ ಬರೀ ನನ್ನ ಎಡಗಡೆಗೇ, ನೆಲಕ್ಕೆ ಸವರಿಕೊಂಡು ಹೋಗೋ ಹಾಗೆ ಒದ್ದಳು. ಆ ಕೆಂಪು ಮಣ್ಣಲ್ಲಿ ಬಿದ್ದೂ ಬಿದ್ದೂ ಸೊಂಟದ ಪಕ್ಕ ತರಚಿ ಹೋಯಿತು. ಎಲ್ಲರ ಮುಂದೆ ಮಾನ ತೆಗೆಯುತ್ತಿದ್ದಾಳೆ ಅಂದುಕೊಂಡೆ. ಹನ್ನೊಂದಕ್ಕೆ ಹನ್ನೊಂದೂ ಎಡಕ್ಕೇ! ಹನ್ನೆರಡನೆಯದನ್ನು ಹಿಡಿದೆ. ಅವಳು ಏನೂ ಅನ್ನದೆ ಬೆಂಚಿಗೆ ಹೋದಳು. ಆಮೇಲೆ ಪೆನಾಲ್ಟಿ ಬಂದದ್ದು ಬಲಕ್ಕೆ. ನಾನು ಎಡಕ್ಕೆ ಬಿದ್ದಿದ್ದೆ. ಗೋಲ್.

ಮ್ಯಾಚ್ ಮುಗಿದ ಮೇಲೆ ನನ್ನ ಕಿರುಬೆರಳು ಊದಿತ್ತು. ಅವಳೇ ಬಂದು ಕೂತಳು. ಕಿರುಬೆರಳನ್ನು ಪಕ್ಕದ ಬೆರಳಿಗೆ ಸೇರಿಸಿ ಟೇಪ್ ಸುತ್ತಿದಳು, ಹಲ್ಲಲ್ಲಿ ಕಚ್ಚಿ ಹರಿದಳು. "ನನ್ನಿಂದ ಆಯ್ತು" ಅಂದಳು. ನಾನು ಹೌದು ಅಂದೆ. ಆವಾಗ ನನಗೆ ಬುದ್ಧಿ ಅಷ್ಟೇ ಇತ್ತು.

ಆಮೇಲೆ 2010ರ ಜುಲೈ. ಹಾಲೆಂಡ್, ಸ್ಪೇನ್ ವಿಶ್ವಕಪ್ ಫೈನಲ್. ನಮಗೆ ಹದಿನೇಳು. ಟೀಮಿನವರೆಲ್ಲ ನಿಮ್ಮ ಮನೆ ಮಹಡಿ ರೂಮಲ್ಲಿ, ನಡುರಾತ್ರಿ ಹನ್ನೆರಡಕ್ಕೆ ಮ್ಯಾಚ್ ಶುರು, ನಿಮ್ಮಮ್ಮನ ಉಪ್ಪಿಟ್ಟು. 62ನೇ ನಿಮಿಷದಲ್ಲಿ ಹಾಲೆಂಡಿನ ರಾಬೆನ್ ಒಬ್ಬನೇ ಚೆಂಡು ತಗೊಂಡು ಬಂದ. ಎದುರಿಗೆ ಸ್ಪೇನಿನ ಕೀಪರ್ ಕಸಿಯಸ್ ಒಬ್ಬನೇ. ಕಸಿಯಸ್ ಒಂದು ಕಡೆ ಬಿದ್ದ, ಚೆಂಡು ಇನ್ನೊಂದು ಕಡೆ ಹೋಯಿತು. ಹಿಂದೆ ಉಳಿದಿದ್ದ ಕಾಲಿಗೆ ತಾಗಿ ಹೊರಗೆ! ನೀವೆಲ್ಲ ತಲೆ ಮೇಲೆ ಕೈ ಹೊತ್ತಿರಿ. ಅದೃಷ್ಟ ಅಂದೆ ನಾನು. ಅವಳು ಟಿವಿಯಿಂದ ಕಣ್ಣು ತೆಗೆಯದೆ, "ಅದೃಷ್ಟ ಏನಿಲ್ಲ. ನೀನೂ ಹಾಗೇ ಬೀಳ್ತೀಯ. ಎತ್ತ ಹಾರಿದ್ರೂ ಒಂದು ಕಾಲು ಹಿಂದೆ ಬಿಟ್ಟಿರ್ತೀಯ" ಅಂದಳು.

ನನ್ನ ಕಾಲಿನ ವಿಷಯ ನನಗೇ ಗೊತ್ತಿರಲಿಲ್ಲ ಕಣೋ. ಕೋಚ್ ಸರ್ ಒಂದು ದಿನ ಹೇಳಿರಲಿಲ್ಲ. ಬೆಂಚಲ್ಲಿ ಕೂತವಳಿಗೆ ನೋಡೋದು ಬಿಟ್ಟು ಬೇರೆ ಕೆಲಸ ಇರಲ್ಲ, ಅಲ್ವಾ? ನನಗೂ ಗೊತ್ತಿತ್ತು: ಕಾರ್ನರ್ ಬರುವ ಮುಂಚೆ ಅವಳು ಮೂಗು ಏರಿಸುತ್ತಾಳೆ, ಭಯವಾದರೆ ಎಡಗಾಲಿನ ಸಾಕ್ಸ್ ಮಾತ್ರ ಎಳೆದುಕೊಳ್ಳುತ್ತಾಳೆ. ತಪ್ಪು ಹುಡುಕೋಕೆ ಅಂತಲೇ ನೋಡಿದ್ದು. ಅವರಮ್ಮನಿಗೂ ಅಷ್ಟು ಗೊತ್ತಿರಲಿಕ್ಕಿಲ್ಲ.

116ನೇ ನಿಮಿಷದಲ್ಲಿ ಸ್ಪೇನಿನ ಇನಿಯೆಸ್ಟಾ ಗೋಲ್ ಹೊಡೆದಾಗ ನೀವೆಲ್ಲ ಕುಣಿದಿರಿ. ಆ ಗಲಾಟೆಯಲ್ಲಿ ಅವಳ ಕೈ ನನ್ನ ಟೇಪಿನ ಬೆರಳು ಹಿಡಿಯಿತು. ನಾನು ಬಿಡಿಸಿಕೊಳ್ಳಲಿಲ್ಲ. ಅಷ್ಟೇ ನಡೆದದ್ದು. ಗೆದ್ದ ಮೇಲೆ ಕಸಿಯಸ್ ತನ್ನ ಇಂಟರ್‌ವ್ಯೂ ಮಾಡುತ್ತಿದ್ದ ಗೆಳತಿ ಸಾರಾ ಕಾರ್ಬೊನೆರೊಗೆ ಕ್ಯಾಮೆರಾ ಎದುರಿಗೇ ಮುತ್ತು ಕೊಟ್ಟನಲ್ಲ, ಆ ಕ್ಲಿಪ್ಪನ್ನು ನೀನು ಮೈದಾನದಲ್ಲಿ ತೋರಿಸಿದೆ. ಎಲ್ಲರೂ ಓಹೋ ಅಂದರು. ನಾನು ಶೂ ಲೇಸ್ ಬಿಚ್ಚಿ ಮತ್ತೆ ಕಟ್ಟಿದೆ.

ಆಮೇಲಿನ ವರ್ಷಗಳನ್ನು ಬರೆಯೋಕೆ ಬೇಜಾರು. ಬೇರೆ ಬೇರೆ ಕಾಲೇಜು, ಸುಳ್ಳುಗಳು, ಎರಡು ಸಲ ಮಾತು ಬಿಟ್ಟದ್ದು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ 377ರ ತೀರ್ಪು ಕೊಟ್ಟಾಗ ಆಫೀಸ್ ಮೆಟ್ಟಿಲ ಮೇಲೆ ನಿಂತು ಅವಳಿಗೆ ಫೋನ್ ಮಾಡಿದೆ. ಇಬ್ಬರೂ ಮಾತಾಡಲಿಲ್ಲ. ಮರುವರ್ಷ ಮಹಿಳಾ ವಿಶ್ವಕಪ್ ವೇಳೆ ಒಂದು ಫೋಟೋ ಬಂತು. ಸ್ವೀಡನ್ನಿನ ಮಗ್ದಲೇನಾ ಎರಿಕ್ಸನ್ ಪ್ಯಾರಿಸ್ಸಲ್ಲಿ ಕೆನಡಾ ಮೇಲೆ ಗೆದ್ದು, ಗ್ಯಾಲರಿಗೆ ಬಂದು ತನ್ನ ಗೆಳತಿ ಪೆರ್ನಿಲ್ ಹಾರ್ಡರ್‌ಗೆ ಮುತ್ತು ಕೊಟ್ಟದ್ದು. ಹಾರ್ಡರ್ ಡೆನ್ಮಾರ್ಕಿನವಳು, ಮೈಮೇಲೆ ಸ್ವೀಡನ್ ಜೆರ್ಸಿ! ಒಂದೇ ಕ್ಲಬ್ಬಲ್ಲಿ ಆಡಿದವರು, ಆಮೇಲೆ 2018ರ ಚಾಂಪಿಯನ್ಸ್ ಲೀಗ್ ಸೆಮಿಫೈನಲಲ್ಲಿ ಎದುರಾಳಿಗಳು. ಆ ಫೋಟೋ ಈಗ ನಮ್ಮ ಫ್ರಿಜ್ ಮೇಲಿದೆ. ಮನೆ ಓನರ್ ಆಂಟಿ ನೋಡಿ "ಯಾರಮ್ಮ ಇವರು, ಅಕ್ಕತಂಗೀರಾ?" ಅಂದರು. ನಮ್ಮನ್ನೂ ಅವರು ಅಕ್ಕತಂಗಿ ಅಂತಲೇ ತಿಳಿದಿದ್ದಾರೆ. ಇವಳು ಐದಡಿ ಹತ್ತು, ನಾನು ಐದಡಿ ಎರಡು.

ಮದುವೆ ಊಟ ಯಾವಾಗ ಅಂತ ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ. 2023ರ ಅಕ್ಟೋಬರಲ್ಲಿ ಕೋರ್ಟು ನಮ್ಮಂಥವರ ಮದುವೆಗೆ ಕಾನೂನು ಮಾಡುವುದು ಸಂಸತ್ತಿನ ಕೆಲಸ ಅಂದುಬಿಟ್ಟಿತು. ಬಿರಿಯಾನಿಗೆ ಸಂಸತ್ತು ಬೇಡ, ಡಿಸೆಂಬರಲ್ಲಿ ಬಂದಾಗ ಮನೆಗೆ ಬಾ.

ಇಷ್ಟು ಓದಿದ ಮೇಲೆ ಇವಳದ್ದೊಂದು ತಕರಾರು. ಆ ಪೆನಾಲ್ಟಿಗೆ ನಾನು ಅವಸರಪಟ್ಟೆನಂತೆ, ಎದುರಾಳಿ ಹುಡುಗಿ ಒದೆಯುವ ಮುಂಚೆಯೇ ಎಡಕ್ಕೆ ವಾಲಿದೆನಂತೆ, ಅದನ್ನು ನೋಡಿಯೇ ಆ ಹುಡುಗಿ ಬಲಕ್ಕೆ ಒದ್ದಳಂತೆ. ನೀನು ಗೋಲ್ ಹಿಂದೆಯೇ ನಿಂತಿದ್ದೆ. ನಿಜ ಹೇಳು, ನಾನು ಮೊದಲೇ ಅಲ್ಲಾಡಿದ್ನಾ?